ಅಕ್ಕನಿಗೆ ಹೇಳಿದ ಹೂಂ

ಕಾರಿನೊಳಗೆ ಕುಳಿತು ಅಕ್ಕನೊಂದಿಗೆ ಫೋನಿನಲ್ಲಿ ಮಾತನಾಡುವಾಗ ಅವರು ಮೇಲೆ ನೋಡುತ್ತಿದ್ದರು. ಕಾರಿನ ಛಾವಣಿಯ ಪುಟ್ಟ ದೀಪದ ಪಕ್ಕದಲ್ಲಿ ಎಳ್ಳುಕಾಳಿನಷ್ಟು ಸಣ್ಣ ನಾಲ್ಕಾರು ತೂತುಗಳಿದ್ದವು. ನಾವು ಆಡಿದ ಮಾತನ್ನು ಹಿಡಿದುಕೊಳ್ಳುವ ಮೈಕು ಅಲ್ಲಿದೆ ಎಂದು ಕಾರು ಮಾರಿದವರು ತೋರಿಸಿಕೊಟ್ಟಿದ್ದರಂತೆ. ಅಂದಿನಿಂದ ಅವರ ಮಟ್ಟಿಗೆ ಅಕ್ಕ ಕೂತಿದ್ದದ್ದು ಆ ದೀಪದ ಪಕ್ಕದಲ್ಲೇ. ಕತ್ತೆತ್ತಿ, ಎರಡೂ ಕೈ ಆಡಿಸುತ್ತ, ನಗುತ್ತ, ಒಮ್ಮೊಮ್ಮೆ ಹುಸಿಮುನಿಸು ಮಾಡುತ್ತ ಆ ದೀಪದೊಂದಿಗೆ ಮಾತನಾಡುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಇವರಿಗೇನೋ ಆಗಿದೆ ಎನ್ನಿಸಿದರೆ ಅವರ ತಪ್ಪೇನಿಲ್ಲ.

ಹೈದರಾಬಾದಿನ ಕೂಕಟ್‌ಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನಮ್ಮ ಮನೆಯ ಮೇಲಿನ ಮಹಡಿ ಅವರದು. ಊರು ರಾಯಚೂರು. ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಯಂತ್ರಗಳ ಪಕ್ಕದಲ್ಲಿ ನಿಂತು, ಕೊನೆಕೊನೆಗೆ ಅಲ್ಲೇ ಸ್ಟೋರಿನಲ್ಲಿದ್ದರು. ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೆಸರು ಹಾಕದೆ ಅವರ ಬಗ್ಗೆ ನಾನು ಬರೆಯುತ್ತಿರುವುದು ಇದು ಎರಡನೇ ಸಲ. ಮೊದಲನೆಯದು, ನೆಲದಡಿಯಲ್ಲಿ ಕಾರು ನಿಲ್ಲಿಸುವ ಸೆಲ್ಲಾರಿನ ಗೋಡೆಗೆ ಅಂಟಿಸಿದ ಒಂದು ನೋಟಿಸು. ಅದನ್ನು ನಾನು ಬರೆಯದೇ ಇದ್ದಿದ್ದರೆ ಎಂದು ಈಗ ದಿನಕ್ಕೆ ಹತ್ತು ಸಲ ಅಂದುಕೊಳ್ಳುತ್ತೇನೆ.

ನಾನು ಆ ಅಪಾರ್ಟ್‌ಮೆಂಟಿನ ಸೆಕ್ರೆಟರಿ. ಯಾರಿಗೂ ಬೇಡವಾದ ಕೆಲಸ, ನನಗೆ ಮಾತ್ರ ಬಲು ಇಷ್ಟವಾದದ್ದು. ನೀರಿನ ಟ್ಯಾಂಕು, ಲಿಫ್ಟು, ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿ, ಬಾಲ್ಕನಿಯಿಂದ ತೊಟ್ಟಿಕ್ಕುವ ಒದ್ದೆ ಸೀರೆ, ಹೀಗೆ ಎಲ್ಲದಕ್ಕೂ ನನ್ನ ಹತ್ತಿರ ಒಂದು ನೋಟಿಸು ತಯಾರು. ಇಂಗ್ಲಿಷಿನಲ್ಲಿ ಬರೆದು, ಕೆಳಗೆ ತೆಲುಗಿನಲ್ಲಿ ಬರೆಸಿ, ಅಡಿಯಲ್ಲಿ ದೊಡ್ಡದಾಗಿ ಸಹಿ ಹಾಕುತ್ತಿದ್ದೆ. 'ಸೆಕ್ರೆಟರಿ ಸಾಹೇಬ್ರ, ಇವತ್ತ ಏನ್ ಬಂದ್ ಮಾಡೀರಿ?' ಎಂದು ಅವರು ಲಿಫ್ಟಿನ ಬಾಗಿಲಲ್ಲಿ ಕೇಳುತ್ತಿದ್ದರು. ನಾನು ಬಾಗಲಕೋಟೆಯವನು, ಅವರು ರಾಯಚೂರಿನವರು. ಇಡೀ ಅಪಾರ್ಟ್‌ಮೆಂಟಿನಲ್ಲಿ ಕನ್ನಡದ ಮನೆಗಳು ಇವೆರಡೇ. ಅವರ ಕೀಟಲೆಯನ್ನು ಪ್ರೀತಿ ಎಂದೇ ತಿಳಿದುಕೊಳ್ಳುತ್ತಿದ್ದೆ, ಅದು ಪ್ರೀತಿಯೇ ಆಗಿತ್ತು.

ಆದರೆ ಬೇರೆಯವರ ಬಾಯಲ್ಲಿ ಅವರು ಗರ್ವದ ಮನುಷ್ಯ. ಹಿಂದಿನಿಂದ ನಮಸ್ಕಾರ ಎಂದರೆ ತಿರುಗಿ ನೋಡುತ್ತಿರಲಿಲ್ಲ. ಲಿಫ್ಟಿನಲ್ಲಿ ಯಾರಾದರೂ ಏನಾದರೂ ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದರು. ಸೊಸೈಟಿಯ ಮೀಟಿಂಗಿಗೆ ಎಲ್ಲರಿಗಿಂತ ಮೊದಲು ಬಂದು ಸಾಲಿನ ಬಲತುದಿಯ ಕುರ್ಚಿಯನ್ನೇ ಹಿಡಿಯುತ್ತಿದ್ದರು, ಬಲಕ್ಕೆ ಗೋಡೆ, ಎಡಕ್ಕೆ ನಾವೆಲ್ಲ. ಒಮ್ಮೆ ಆ ಜಾಗದಲ್ಲಿ ಬೇರೊಬ್ಬರು ಕೂತಿದ್ದಾಗ ನಿಂತೇ ಮೀಟಿಂಗು ಮುಗಿಸಿದರು. ನಾನು ಅದನ್ನು ಹಟ ಎಂದುಕೊಂಡೆ.

ಕಾರಿನಲ್ಲಿ ಮಾತ್ರ ಅವರು ಬೇರೆಯೇ ಮನುಷ್ಯ. ಕೆಲವು ದಿನ ನನ್ನನ್ನು ಬಾಲಾನಗರದವರೆಗೆ ಕರೆದೊಯ್ಯುತ್ತಿದ್ದರು. ಒಂದು ದಿನ ಅವರ ಫೋನಿನಲ್ಲಿ ಚಾರ್ಜು ಮುಗಿದಿತ್ತು. ಮೆಟ್ರೋ ಕಂಬಗಳ ಕೆಳಗೆ ಟ್ರಾಫಿಕ್ಕು ಎಲ್ಲಿ ನಿಂತಿದೆ ಎಂದು ನೋಡಲು ನನ್ನ ಫೋನನ್ನು ಕಾರಿಗೆ ಜೋಡಿಸಿದೆವು. ಅದೇ ಹೊತ್ತಿಗೆ ನನ್ನ ಹೆಂಡತಿಯ ಕರೆ ಬರಬೇಕೆ! ನಾಲ್ಕೂ ಬಾಗಿಲಿನ ಸ್ಪೀಕರುಗಳಿಂದ ಒಟ್ಟಿಗೇ ಆಕೆಯ ಧ್ವನಿ: 'ಕಸದ ಬಕೆಟ್ ಹೊರಗ ಇಟ್ಟಿಲ್ಲ, ಕೊತ್ತಂಬ್ರಿ ತಂದಿಲ್ಲ, ಊರ ಮಂದಿಗೆಲ್ಲಾ ನೋಟಿಸ್ ಬರಿತೀರಿ, ನಿಮಗ್ಯಾರು ಬರೀಬೇಕು?' ಬಂದ್ ಮಾಡುವ ಗುಂಡಿ ಯಾವುದೆಂದು ತಿಳಿಯದೆ ನಾನು ಒದ್ದಾಡಿದೆ. ಅವರು ಏನೂ ಕೇಳದವರ ಹಾಗೆ ಮುಂದಿನ ಬಸ್ಸನ್ನೇ ನೋಡುತ್ತಿದ್ದರು. ನಾನು ಇಳಿಯುವಾಗ ಗಾಜು ಇಳಿಸಿ, 'ಕೊತ್ತಂಬ್ರಿ ಮರೀಬ್ಯಾಡ್ರಿ ಮತ್ತ' ಎಂದು ಹೊರಟುಹೋದರು. ಮನೆಗೆ ಹೋಗಿ ಹೇಳಿದಾಗ ಹೆಂಡತಿ ನಾಚಿಕೆಯಿಂದ ಒಂದು ವಾರ ಮೇಲಿನ ಮಹಡಿಗೆ ಹೋಗಲಿಲ್ಲ.

ಗಾಡಿ ಓಡಿಸುವಾಗ ಅವರು ಮಾತ್ರ ಫೋನು ಎತ್ತುತ್ತಿರಲಿಲ್ಲ. ಕೈ ಸ್ಟೇರಿಂಗಿನ ಮೇಲಿರಲಿ, ಮಾತು ತಾನೇ ನಡೆಯಲಿ ಎಂದು ಮಾಡಿದ ವ್ಯವಸ್ಥೆ ಅದು. ಇವರೋ, ಅಕ್ಕನ ಕರೆ ಬಂದರೆ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ, ಇಂಡಿಕೇಟರ್ ಹಾಕಿ, ಆಮೇಲೆ ಮಾತು. 'ಓಡಸ್ತಾ ಮಾತಾಡಾಕ ಅಲ್ಲೇನ್ರಿ ಇದನ್ನ ಕೊಟ್ಟಿದ್ದು?' ಎಂದು ನಾನು ಕೇಳಿದ್ದೆ. 'ಅಕ್ಕನ ಮಾತು ಕೇಳಾಗ ನನಗ ರಸ್ತೆ ಕಾಣಂಗಿಲ್ರಿ' ಎಂದಿದ್ದರು.

ಆ ಅಕ್ಕ ಅವರಿಗಿಂತ ಹದಿನೈದು ವರ್ಷ ದೊಡ್ಡವರು. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು. ರಾಯಚೂರಿನಲ್ಲಿ ಒಂದು ಪುಟ್ಟ ಖಾನಾವಳಿ ನಡೆಸುತ್ತಿದ್ದರು. ಗಂಟಲಿನ ಆಪರೇಷನ್ ಆದ ಮೇಲೆ ಧ್ವನಿ ಅರ್ಧಕ್ಕೆ ಇಳಿದಿತ್ತು. ದಿನಾ ಬೆಳಗ್ಗೆ ಒಲೆ ಹಚ್ಚುವ ಮೊದಲು, ಆರೂವರೆಗೆ, ತಮ್ಮನಿಗೆ ಒಂದು ಫೋನು. ಅದಕ್ಕೆ ಐದು ನಿಮಿಷ ಮೊದಲೇ ಇವರು ಸೆಲ್ಲಾರಿಗೆ ಇಳಿದು, ಕಾರಿನಲ್ಲಿ ಕುಳಿತು, ಕೀಲಿ ತಿರುಗಿಸಿ, ಫೋನು ಜೋಡಣೆಯಾಗುವುದನ್ನು ಕಾಯುತ್ತಿದ್ದರು. ಧ್ವನಿಯನ್ನು ಕೊನೆಯ ಮಟ್ಟಕ್ಕೆ ಏರಿಸಿರುತ್ತಿದ್ದರು. ನಾನು ಹಾಲು ತರಲು ಇಳಿದಾಗ ಇಡೀ ಸೆಲ್ಲಾರಿನಲ್ಲಿ ಆ ಸಣ್ಣ ಧ್ವನಿ ದೊಡ್ಡದಾಗಿ ತುಂಬಿರುತ್ತಿತ್ತು.

'ಎದ್ದೇನೋ ತಮ್ಮಾ? ಚಾ ಆತೇನು?'

'ಆತಬೇ ಅಕ್ಕಾ.'

'ನಿನ್ನೆ ರೊಟ್ಟಿ ಉಂಡ್ಯೋ, ಆ ಅನ್ನಾನ ತಿಂದ್ಯೋ?'

'ರೊಟ್ಟೀನ ಉಂಡೆ. ಇಷ್ಟಿಷ್ಟ ದೊಡ್ಡವು, ಎರಡು' ಎಂದು ಇವರು ದೀಪಕ್ಕೆ ಕೈಯಗಲಿಸಿ ತೋರಿಸುತ್ತಿದ್ದರು.

ಮೊದಲ ಮಹಡಿಯವರಿಗೆ ಅದು ಗದ್ದಲ. ಮಕ್ಕಳ ಪರೀಕ್ಷೆ, ನಿದ್ದೆ ಕೆಡುತ್ತದೆ ಎಂದು ದೂರು ಕೊಟ್ಟರು. ಯಾರೋ ಕಾರಿನೊಳಗೆ ಒಬ್ಬರೇ ಕೂತು ಕೂಗಾಡುತ್ತಾರೆ, ಮಕ್ಕಳನ್ನು ಸ್ಕೂಲಿಗೆ ಬಿಡಲು ಕೆಳಗಿಳಿದರೆ ಭಯವಾಗುತ್ತದೆ ಎಂದು ಇನ್ನೊಬ್ಬರು. ಆ ಮಾತು ಪೂರ್ತಿ ಅರ್ಥವಾಗುತ್ತಿದ್ದವನು ಸೆಲ್ಲಾರಿನಲ್ಲಿ ನಾನೊಬ್ಬನೇ. ಅಕ್ಕ ತಮ್ಮನನ್ನು ಊಟವಾಯಿತೇ ಎಂದು ಕೇಳುತ್ತಿದ್ದಾರೆ ಎಂದು ನಾನು ಅವರಿಗೆ ತೆಲುಗಿನಲ್ಲಿ ಹೇಳಿದ್ದರೆ ಬಹುಶಃ ಸಾಕಾಗುತ್ತಿತ್ತು. ಹೇಳಲಿಲ್ಲ. ನಮ್ಮ ಭಾಷೆಯವರ ಪರ ವಹಿಸಿದೆ ಎಂಬ ಮಾತು ಬಂದೀತೆಂಬ ಹೆದರಿಕೆ ನನಗೆ.

ಒಮ್ಮೆ ಮಾತ್ರ ಅವರ ಗಾಜು ತಟ್ಟಿ, 'ಸ್ವಲ್ಪ ಆವಾಜ್ ಕಮ್ಮಿ ಮಾಡ್ರಿ' ಎಂದೆ. 'ಕಮ್ಮಿ ಮಾಡಿದ್ರ ಹೆಂಗ್ರೀ ಸಾಹೇಬ್ರ' ಎಂದು ನಕ್ಕರು. ನನ್ನ ಮಾತನ್ನು ಲೆಕ್ಕಕ್ಕಿಡಲಿಲ್ಲ ಎಂದು ನನಗೆ ಸಿಟ್ಟು ಬಂತು. ಅದೇ ಸಂಜೆ ಬರೆದೆ: ನಿಲ್ಲಿಸಿದ ವಾಹನಗಳಲ್ಲಿ ಕುಳಿತು ಫೋನಿನಲ್ಲಿ ಮಾತನಾಡುವುದನ್ನು ಸೆಲ್ಲಾರಿನಲ್ಲಿ ನಿಷೇಧಿಸಲಾಗಿದೆ. ಕೆಳಗೆ ದೊಡ್ಡ ಸಹಿ. ಅವರ ಕಾರಿನ ಮುಂದಿನ ಗೋಡೆಗೇ ಅಂಟಿಸಿದೆ.

ಮರುದಿನದಿಂದ ಸೆಲ್ಲಾರು ತಣ್ಣಗಾಯಿತು. ಅವರು ಜಗಳ ಆಡಲಿಲ್ಲ, ಕಾರಣ ಹೇಳಲಿಲ್ಲ. ಬೆಳಗ್ಗೆ ಆರು ಗಂಟೆಗೇ ಕಾರು ತೆಗೆದುಕೊಂಡು ಹೋಗಿ, ಎಲ್ಲೋ ರಸ್ತೆಯಲ್ಲಿ ನಿಲ್ಲಿಸಿ, ಮಾತು ಮುಗಿಸಿ ವಾಪಸು ಬರುತ್ತಿದ್ದರು. ಕೂಕಟ್‌ಪಲ್ಲಿಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದು ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಗೊತ್ತು. 'ಎಲ್ಲಿ ಹೋಗಿದ್ರಿ ಇಷ್ಟ ಲಗೂನ?' ಎಂದರೆ 'ಹವಾ ತಿನ್ನಾಕ' ಎನ್ನುತ್ತಿದ್ದರು. ಸೆಕ್ರೆಟರಿ ಸಾಹೇಬ್ರ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ.

ನಾಲ್ಕೈದು ತಿಂಗಳಾಗಿತ್ತು. ಒಂದು ಬೆಳಗ್ಗೆ ನಾನು ವಾಚ್‌ಮನ್ ಜೊತೆ ನೀರಿನ ಮೋಟಾರಿನ ಮುಂದೆ ನಿಂತಿದ್ದೆ. ಆರು ಗಂಟೆಯೂ ಆಗಿರಲಿಲ್ಲ. ಅವರು ಮೆಟ್ಟಿಲಿಳಿದು ಓಡುತ್ತಾ ಬಂದರು, ಕೈಯಲ್ಲಿ ಫೋನು ರಿಂಗಾಗುತ್ತಿತ್ತು. ಇನ್ನೊಂದು ಕೈಯಲ್ಲಿ ಕಾರಿನ ಕೀಲಿ. ಕೊನೆಯ ಮೆಟ್ಟಿಲಲ್ಲಿ ನನ್ನನ್ನು ನೋಡಿದರು. ಆಮೇಲೆ ನೋಟಿಸಿನ ಗೋಡೆಯ ಕಡೆ ನೋಡಿದರು. ಅಲ್ಲೇ ನಿಂತರು. ಫೋನನ್ನು ಎಡಗಿವಿಗೆ ಒತ್ತಿಕೊಂಡು, ಇನ್ನೊಂದು ಕೈಯನ್ನು ಬಲಗಿವಿಯ ಮೇಲಿಟ್ಟು, ಗೋಡೆಯ ಕಡೆ ತಿರುಗಿ, 'ಹೂಂ ಅಕ್ಕಾ... ಹೂಂ... ಹೂಂ... ಆತಬೇ, ಹೂಂ' ಎನ್ನುತ್ತ ನಿಂತಿದ್ದರು. ಅಷ್ಟೇ, ಬೇರೆ ಮಾತಿಲ್ಲ. ನಾನು ದೂರದಿಂದಲೇ ತಲೆಯಾಡಿಸಿ ಮೆಚ್ಚುಗೆ ತೋರಿಸಿದೆ. ನಿಯಮ ಎಂದರೆ ಹೀಗೆ ಪಾಲಿಸಬೇಕು ಎಂದು ವಾಚ್‌ಮನ್‌ಗೂ ಹೇಳಿದೆ. ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮಾತು ಅದು, ಏನು ಮಾಡಲಿ.

ಅದೇ ದಿನ ಮಧ್ಯಾಹ್ನ ಅವರ ಅಕ್ಕ ರಾಯಚೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ಅಲ್ಲಿನ ಕಾರ್ಯಗಳನ್ನೆಲ್ಲ ಮುಗಿಸಿ ಬಂದ ಮೇಲೆ ಒಂದು ದಿನ ಮೀಟಿಂಗಿನಲ್ಲಿ ಅವರು ನಡುವಿನ ಕುರ್ಚಿಯಲ್ಲಿ ಕುಳಿತರು. ಎರಡೂ ಕಿವಿಯ ಹಿಂದೆ ಶೇಂಗಾಕಾಯಿಯಂಥ ಯಂತ್ರಗಳು. ಕೆಲವು ದಿನಗಳ ನಂತರ ನನ್ನನ್ನು ಕಾರಿನಲ್ಲಿ ಕರೆದುಕೊಂಡು ಹೋಗಿ, ಬಾಲಾನಗರದ ರಸ್ತೆ ಬದಿಯ ಮರದ ಕೆಳಗೆ ನಿಲ್ಲಿಸಿ, ಹೇಳಿದರು.

'ಸಾಹೇಬ್ರ, ನನಗ ಕಿವಿ ಕೇಳ್ತಿದ್ದಿಲ್ಲ. ಮಷೀನ್ ಬಾಜೂ ನಿಂತು ನಿಂತು ಹೋಗಿದ್ವು. ಬಲಗಿವಿ ಪೂರಾ, ಎಡಗಿವಿ ಅರ್ಧಾ. ವರ್ಷಾ ವರ್ಷಾ ಡಾಕ್ಟರ್ ಚೀಟಿ ಕೊಟ್ರನ ಕೆಲಸದಾಗ ಮುಂದುವರಸ್ತಿದ್ರು, ಅದಕ್ಕ ಯಾರಿಗೂ ಹೇಳಲಿಲ್ಲ. ನನ್ನ ಹೆಣ್ತಿ ಒಬ್ಬಾಕಿಗೆ ಗೊತ್ತಿತ್ತು. ಅಕ್ಕಗೂ ಹೇಳಿದ್ದಿಲ್ಲ, ಹೇಳಿದ್ರ ಅಳಾಕಿ ಅಕಿ. ಫೋನ್ ಕಿವಿಗೆ ಹಚ್ಚಿದ್ರ ಅಕಿ ಮಾತು ಒಂದೂ ತಿಳೀತಿದ್ದಿಲ್ಲ. ಈ ಗಾಡ್ಯಾಗ ಕುಂತ್ರ ಅಷ್ಟ, ನಾಕೂ ಕಡೆಯಿಂದ ಬರ್ತಿದ್ಲು ನೋಡ್ರಿ, ಮೊದಲಿನಂಗ.'

ಸ್ಟೇರಿಂಗನ್ನು ಒಮ್ಮೆ ಸವರಿ ಅವರೇ ಮುಂದುವರಿಸಿದರು.

'ಅವತ್ತ ಆಸ್ಪತ್ರಿಯಿಂದ ಮಾಡಿದ್ಲು. ಗಾಡಿ ತನಕ ಹೋಗಾಕ ಆಗಲಿಲ್ಲ ನನಗ. ಮೆಟ್ಟಲದಾಗ ನಿಂತು ಕಿವಿಗೆ ಹಚ್ಚಿದೆ. ಏನೋ ಹೇಳಾಕತ್ತಿದ್ಲು, ಏನೋ ಕೇಳಾಕತ್ತಿದ್ಲು. ಏನಂದಿ ಅಂದ್ರ ಮತ್ತ ದಮ್ಮ ಹಿಡದು ಹೇಳಬೇಕು ಅಕಿ. ಅದಕ್ಕ ಹೂಂ ಅಂದೆ. ಎಲ್ಲಾದಕ್ಕೂ ಹೂಂ ಅಂದೆ. ಆಮ್ಯಾಲೆ ಗಾಡ್ಯಾಗ ಕುಂತು ಹೊಳ್ಳಿ ಮಾಡಿದೆ, ಯಾರೂ ಎತ್ತಲಿಲ್ಲ. ನರ್ಸ್ ಹೇಳಿದ್ಲು, ನಮ್ಮ ತಮ್ಮ ಹೂಂ ಅಂದ ಅಂತ ನಕ್ಕು ಮಲಗಿದ್ರು, ಮತ್ತ ಏಳಲಿಲ್ಲ ಅಂತ. ನಾ ಏನಕ್ಕ ಹೂಂ ಅಂದೆ, ಅದ ನನಗ ಗೊತ್ತಿಲ್ರಿ ಸಾಹೇಬ್ರ.'

ಅಷ್ಟು ಹೇಳಿ ದೀಪದ ಕಡೆ ನೋಡಿದರು. ಸೆಲ್ಲಾರಿನಲ್ಲಿ ನಾನು ನಿಂತಿದ್ದೆ ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಮರೆತಿದ್ದರೋ, ನನ್ನ ಮುಖ ನೋಡಿ ಬಿಟ್ಟರೋ ತಿಳಿಯದು. ನಾನಾದರೂ ಹೇಳಬೇಕಿತ್ತು. ಮನೆಗೆ ಬಂದು, ಯಾರೂ ಇಲ್ಲದಾಗ ಆ ನೋಟಿಸನ್ನು ಕಿತ್ತುಹಾಕಿದೆ. ಮರುದಿನ ಅವರೇ ಬಾಗಿಲಿಗೆ ಬಂದರು. 'ಯಾಕ ತಗದ್ರಿ? ಇರಲಿ ಬಿಡ್ರಿ ಅದು, ಕೆಳಗಿನ ಮಂದಿ ಮಲಗತಾರ. ನನಗ ಇನ್ನ ಏನೂ ತ್ರಾಸಿಲ್ಲ.'

ಆಮೇಲಿನ ಒಂದೂವರೆ ವರ್ಷ ಅವರು ಬದುಕಿದ್ದು ಆ ಹೂಂ ಅನ್ನು ತೀರಿಸುವುದಕ್ಕೆ. ಅಕ್ಕ ಏನೇನು ಕೇಳಿರಬಹುದೋ ಅದನ್ನೆಲ್ಲ ಒಂದೊಂದಾಗಿ ಮಾಡತೊಡಗಿದರು. ಮೂವತ್ತು ವರ್ಷದಿಂದ ಬಾಯಲ್ಲಿದ್ದ ತಂಬಾಕು ಬಿಟ್ಟರು. 'ಅಕಿ ಯಾವಾಗಲೂ ಹೇಳಾಕಿ, ಅವತ್ತೂ ಹೇಳಿರಬೇಕು.' ಖಾನಾವಳಿಯನ್ನು, ಅಲ್ಲಿ ರೊಟ್ಟಿ ಬಡಿಯುತ್ತಿದ್ದ ಹೆಂಗಸಿಗೆ ಹಂಚು, ಹಿಟ್ಟು ನಾದುವ ಪರಾತ, ಹೆಸರಿನ ಬೋರ್ಡು ಸಮೇತ ಬಿಟ್ಟುಕೊಟ್ಟು, ಎರಡು ವಾರ ಅಲ್ಲೇ ಇದ್ದು ನಡೆಸಿಕೊಟ್ಟು ಬಂದರು. ಬಹಳ ವರ್ಷಗಳಿಂದ ಮಾತು ಬಿಟ್ಟಿದ್ದ ದಾಯಾದಿಯೊಬ್ಬರು ಸಿಂಧನೂರಿನಲ್ಲಿದ್ದರು. ಅವರ ಮನೆಗೆ ಕರೆಯದೇ ಹೋಗಿ, ಹೊಸಿಲಲ್ಲಿ ಅರ್ಧ ಗಂಟೆ ನಿಂತು, ಒಳಗೆ ಕರೆಸಿಕೊಂಡು, ಉಂಡು ಬಂದರು. ಅಕ್ಕನ ಮನೆಯ ತುಳಸಿ ಗಿಡವನ್ನು ಮುಂದಿನ ಸೀಟಿನಲ್ಲಿಟ್ಟು, ಬೆಲ್ಟು ಬಿಗಿದು ಹೈದರಾಬಾದಿಗೆ ತಂದರು. ಕೆಲಸ ಬಿಟ್ಟು, ಕಿವಿಗೆ ಯಂತ್ರ ಹಾಕಿಸಿಕೊಂಡದ್ದೂ ಅದೇ ಲೆಕ್ಕದಲ್ಲೇ, ಮೈ ಕಡೆ ನೋಡಿಕೋ ಎಂದಿರಬಹುದೆಂದು. ಅವರ ಹೆಂಡತಿಗೆ ಒಮ್ಮೆ ರೇಗಿಹೋಯಿತು. 'ಅಕ್ಕಾವ್ರು ಬರೇ ಉಂಡ್ಯೇನೋ ಅಂತ ಕೇಳಿದ್ರೂ ಕೇಳಿರಬೇಕು, ಯಾಕ ಇಷ್ಟ ಜೀವಾ ತೇಯತೀರಿ?' ಎಂದು ನನ್ನೆದುರೇ ಅಂದರು. ಇವರು ಹೇಳಿದ್ದು ಇಷ್ಟೇ: 'ಹೂಂ ಅಂದೀನಲ್ಲ, ಮಾಡಬೇಕಲ್ಲ.'

ಪ್ರತಿಯೊಂದು ಕೆಲಸ ಮುಗಿದಾಗಲೂ ನನ್ನ ಮನೆಗೆ ಬಂದು ಹೇಳುತ್ತಿದ್ದರು. ಚಹಾ ಕುಡಿದು, ಒಂದು ಗಳಿಗೆ ಹಗುರಾಗಿ ಕೂತಿದ್ದು, ಏಳುವಾಗ ಮತ್ತೆ ಮುಖ ಇಳಿಯುತ್ತಿತ್ತು. 'ಇದ ಇತ್ತೋ ಇಲ್ಲೋ, ಯಾರಿಗೆ ಗೊತ್ತ್ರಿ?' ಪ್ರತಿ ಸಲವೂ ಇವತ್ತು ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದೆ. ನೋಡಿ, ನೀವು ಅವತ್ತು ಕಾರಿನ ತನಕ ಹೋಗದಿದ್ದದ್ದು ನನ್ನಿಂದ. ಬಾಯಿವರೆಗೆ ಬಂದ ಮಾತನ್ನು ಚಹಾದ ಜೊತೆ ನುಂಗುತ್ತಿದ್ದೆ.

ಹೋದ ತಿಂಗಳು ಎದೆನೋವೆಂದು ಆಸ್ಪತ್ರೆಗೆ ಸೇರಿಸಿದರು. ಎರಡನೆಯ ದಿನ ಸಂಜೆ ನಾನು ಹೋದಾಗ ಎಚ್ಚರವಾಗಿದ್ದರು, ಮೂಗಿಗೆ ಆಕ್ಸಿಜನ್ ನಳಿಗೆ. ಅವರ ಹೆಂಡತಿ ಔಷಧಿ ತರಲು ಕೆಳಗೆ ಹೋದರು. ನಾನು ಅವರ ಎಡಕ್ಕೆ ಸ್ಟೂಲೆಳೆದು ಕುಳಿತೆ. ಈಗಲ್ಲದಿದ್ದರೆ ಇನ್ನೆಂದೂ ಇಲ್ಲ ಎನ್ನಿಸಿತು.

'ಅವತ್ತ ಸೆಲ್ಲಾರ್‌ದಾಗ ನಾನ ನಿಂತಿದ್ದೆ. ನನ್ನ ನೋಡಿ ನೀವು ಗಾಡಿಗೆ ಹೋಗಲಿಲ್ಲ. ನೋಟಿಸ್ ನಾ ಸಿಟ್ಟಿಗೆ ಬರದಿದ್ದೆ. ಅಕ್ಕನ ಮಾತು ನಿಮಗ ಸಿಗದಂಗ ಮಾಡಿದಾವ ನಾನು. ತಪ್ಪಾತ್ರಿ. ನನ್ನ ಮಾಫ್ ಮಾಡ್ರಿ.'

ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ನಿಧಾನಕ್ಕೆ ಕೈ ಎತ್ತಿ ನನ್ನ ಕೈ ಮೇಲಿಟ್ಟರು. 'ಹೂಂ' ಎಂದರು. ನಾನು ಅಳುತ್ತ ಇನ್ನೂ ಏನೇನೋ ಅಂದೆ. 'ಹೂಂ... ಹೂಂ... ಆತ್ರಿ, ಹೂಂ' ಎಂದು ನನ್ನ ಕೈ ತಟ್ಟಿದರು. ಆಮೇಲೆ ಕಣ್ಣು ಮುಚ್ಚಿದರು. ಎಷ್ಟೋ ದಿನಗಳ ನಂತರ ನನಗೆ ಉಸಿರು ಪೂರ್ತಿ ಬಂದಂತಾಯಿತು.

ಮುಖ ಒರೆಸಿಕೊಂಡು ಎದ್ದಾಗ ಕಂಡಿತು. ಮಂಚದ ಪಕ್ಕದ ಮೇಜಿನ ಮೇಲೆ ಒಂದು ಸಣ್ಣ ಡಬ್ಬಿ ತೆರೆದಿತ್ತು. ಅದರೊಳಗೆ ಎರಡು ಶೇಂಗಾಕಾಯಿಗಳು, ಅವರ ಎರಡೂ ಕಿವಿ.

ಆ ಹೂಂ ಯಾವ ಹೂಂ ಎಂದು ನನಗೆ ಗೊತ್ತಾಯಿತು. ಅದನ್ನು ಮೆಟ್ಟಿಲ ಹತ್ತಿರ ಒಮ್ಮೆ ಕೇಳಿದವನು ನಾನು. ಅವರನ್ನು ಎಬ್ಬಿಸಲು ಮನಸ್ಸು ಬರಲಿಲ್ಲ, ಮನೆಗೆ ಬಂದೆ. ಮಲಗಿದವನಿಗೆ ಇನ್ನು ನಿದ್ದೆ ಎಲ್ಲಿಯದು ಎಂದುಕೊಂಡಿದ್ದೆ. ಆದರೆ ನಿದ್ದೆ ಬಂತು, ತುಂಬ ದಿನಗಳಿಂದ ಬಾರದಂಥ ನಿದ್ದೆ. ಬೆಳಗ್ಗೆ ಎದ್ದು ಕೂತಾಗ ಹೊಳೆಯಿತು. ಅವರಿಗೆ ಏನೂ ಕೇಳಿಸಿರಲಿಲ್ಲ, ಆದರೂ ಅವರ ಹೂಂ ನನಗೆ ಸಾಕಾಗಿತ್ತು. ಆ ಕೈ ಅವರದು, ಆ ಧ್ವನಿ ಅವರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಅವರ ಅಕ್ಕನಿಗೂ ಅಷ್ಟೇ ಬೇಕಾಗಿತ್ತು. ಅದಕ್ಕೇ ನಕ್ಕು ಮಲಗಿದರು. ಇವರು ಒಂದೂವರೆ ವರ್ಷ ಹುಡುಕಾಡಿದ ಸಾಲ ಇರಲೇ ಇಲ್ಲ, ಅದು ಮೆಟ್ಟಿಲಲ್ಲೇ ತೀರಿತ್ತು.

ಇದನ್ನು ಅವರಿಗೆ ಹೇಳಲೇಬೇಕಿತ್ತು. ಮೊದಲು ಆ ಯಂತ್ರಗಳನ್ನು ನನ್ನ ಕೈಯಾರೆ ಅವರ ಕಿವಿಗೆ ಹಾಕಿ, ಆಮೇಲೆ ಹೇಳಬೇಕು ಎಂದು ಹಲ್ಲೂ ಉಜ್ಜದೆ ಆಸ್ಪತ್ರೆಗೆ ಓಡಿದೆ. ಮಂಚ ಖಾಲಿ ಇತ್ತು. ವಾರ್ಡಿನ ಬಾಗಿಲಲ್ಲಿ ಅವರ ಹೆಂಡತಿ ಆ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.